ದೆವ್ವದ ಕಥೆ ಬರೆದ ಡನೀಡನ್ನಿನ ಪಾದ್ರಿ

ಹೆನ್ರಿ ಸೇಂಟ್ ಕ್ಲೇರ್ ವೈಟ್‌ಹೆಡ್ ಅಂದರೆ ನಮ್ಮ ಕಡೆ ಯಾರಿಗೂ ಗೊತ್ತಿರಲಿಕ್ಕಿಲ್ಲ. ನಾನಿರುವ ಡನೀಡನ್ನಿನಲ್ಲಿ ಕೇಳಿದರೂ ಹೆಚ್ಚಿನವರು ಹೆಸರೇ ಕೇಳಿಲ್ಲ ಅನ್ನುತ್ತಾರೆ. ಫ್ಲಾರಿಡಾದ ಪಶ್ಚಿಮ ಕರಾವಳಿಯ ಈ ಪುಟ್ಟ ಊರಿನ ಗುಡ್ ಶೆಫರ್ಡ್ ಚರ್ಚಿನಲ್ಲಿ ಅವರು ಪಾದ್ರಿಯಾಗಿದ್ದರು. 1932ರ ನವೆಂಬರಿನಲ್ಲಿ, ಐವತ್ತನೇ ವಯಸ್ಸಿಗೆ, ಇಲ್ಲೇ ತೀರಿಕೊಂಡರು. ಚರ್ಚಿನ ಕೆಲಸದ ನಡುವೆಯೇ 'ವಿಯರ್ಡ್ ಟೇಲ್ಸ್' ಎಂಬ ಪಲ್ಪ್ ಪತ್ರಿಕೆಗೆ ದೆವ್ವದ, ಮಾಟದ, ಸತ್ತವರು ಕಾಣಿಸಿಕೊಳ್ಳುವ ಕಥೆಗಳನ್ನು ಬರೆಯುತ್ತಿದ್ದರು. ಪಲ್ಪ್ ಪತ್ರಿಕೆ ಅಂದರೆ ಒರಟು ಅಗ್ಗದ ಕಾಗದ, ಕಣ್ಣು ಕುಕ್ಕುವ ಮುಖಪುಟ, ಓದಿ ಎಸೆಯುವ ಸರಕು. ಪಾದ್ರಿಗೆ ಇದು ತಕ್ಕ ಜಾಗವೇ ಎಂದು ಯಾರಿಗಾದರೂ ಅನಿಸೀತು. ಅವರ ಕಥೆಗಳನ್ನು ಓದುತ್ತ ಹೋದಂತೆ ನನಗೆ ಅನಿಸಿದ್ದೇ ಬೇರೆ: ಪಾದ್ರಿಯಾಗಿದ್ದರಿಂದಲೇ ಅವರು ಇವನ್ನು ಬರೆಯಲು ಸಾಧ್ಯವಾಯಿತು.

ಹುಟ್ಟಿದ್ದು 1882ರಲ್ಲಿ, ನ್ಯೂಜೆರ್ಸಿಯಲ್ಲಿ. ಓದಿದ್ದು ಹಾರ್ವರ್ಡ್‌ನಲ್ಲಿ. ಮುಂದೆ ಎಪಿಸ್ಕೋಪಲ್ ಸಭೆಯ, ಅಂದರೆ ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿನ ಅಮೆರಿಕದ ಕವಲಿನ, ಪಾದ್ರಿಯಾದರು. ಬದುಕು ತಿರುಗಿದ್ದು 1921ರಲ್ಲಿ, ಕೆರಿಬಿಯನ್ ಸಮುದ್ರದ ವರ್ಜಿನ್ ದ್ವೀಪಗಳಿಗೆ ಆರ್ಚ್‌ಡೀಕನ್ (ಬಿಷಪ್ಪರ ಕೈಕೆಳಗಿನ ಹಿರಿಯ ಪಾದ್ರಿ) ಆಗಿ ಹೋದ ಮೇಲೆ. ಆ ದ್ವೀಪಗಳನ್ನು ಅಮೆರಿಕ 1917ರಲ್ಲಷ್ಟೇ ಡೆನ್ಮಾರ್ಕಿನಿಂದ ಎರಡೂವರೆ ಕೋಟಿ ಡಾಲರ್ ಕೊಟ್ಟು ಕೊಂಡಿತ್ತು. ಕಬ್ಬಿನ ತೋಟಗಳ ನೆಲ ಅದು. 1848ರ ಜುಲೈ 3ರಂದು ಸೇಂಟ್ ಕ್ರಾಯ್ ದ್ವೀಪದ ಫ್ರೆಡೆರಿಕ್‌ಸ್ಟೆಡ್ ಕೋಟೆಯ ಮುಂದೆ ಸಾವಿರಾರು ಗುಲಾಮರು ಒಟ್ಟಾಗಿ ನಿಂತು ತಮ್ಮ ಬಿಡುಗಡೆಯನ್ನು ಪಡೆದುಕೊಂಡರು. ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದ ಅವರ ಹಿರಿಯರ ಕೈಯಲ್ಲಿ ಏನನ್ನೂ ಉಳಿಸಿರಲಿಲ್ಲ. ಅವರ ಜೊತೆ ಬಂದದ್ದು ಹಾಡು, ಮದ್ದು, ಸತ್ತವರ ಬಗೆಗಿನ ತಿಳಿವಳಿಕೆ. ಸತ್ತೂ ಸುತ್ತಾಡುವವರನ್ನು ಅಲ್ಲಿನ ಜನ ಜಂಬೀ ಅನ್ನುತ್ತಾರೆ.

ಸೇಂಟ್ ಕ್ರಾಯ್‌ನಿಂದ ಬಂದ ಹಿರಿಯ ಹೆಂಗಸೊಬ್ಬರು ನಮ್ಮ ಆಫೀಸಿನಲ್ಲಿದ್ದಾರೆ. ಅವರ ಕೈಯ ಬಳೆ ನೋಡಿ ನಾನು ಮಾತನಾಡುತ್ತಿದ್ದದ್ದನ್ನೇ ಮರೆತೆ. ಕೆಂಪು ಮೈ, ತುದಿಯಲ್ಲಿ ಕಪ್ಪು ಚುಕ್ಕೆ: ನಮ್ಮ ಗುಲಗಂಜಿ! ಮಲೆನಾಡಿನ ಸಾಗರದ ಕಡೆಯ ಬೇಲಿಗಳಲ್ಲಿ ಒಡೆದ ಕೋಡಿನಿಂದ ಇಣುಕುತ್ತಿದ್ದ, ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಅದೇ ಬೀಜ. ಅವರ ಊರಿನಲ್ಲಿ ಅದಕ್ಕೆ 'ಜಂಬೀ ಬೀಡ್ಸ್' ಎಂದು ಹೆಸರು. ಕೈಗೋ ಕೊರಳಿಗೋ ಕಟ್ಟಿಕೊಂಡರೆ ಜಂಬೀ ಹತ್ತಿರ ಸುಳಿಯುವುದಿಲ್ಲವಂತೆ. ಅದನ್ನು ಜಗಿದು ನುಂಗಿದರೆ ಜೀವಕ್ಕೇ ಅಪಾಯ ಎಂಬುದು ಅವರಿಗೂ ಗೊತ್ತು, ನಮಗೂ ಗೊತ್ತು. "ಅಜ್ಜಿ ಕೊಟ್ಟದ್ದು, ನಂಬಿಕೆಯೋ ಅಲ್ಲವೋ, ತೆಗೆಯಲು ಮನಸ್ಸು ಬರುವುದಿಲ್ಲ" ಎಂದರು. ರಾತ್ರಿ ತಡವಾಗಿ ಮನೆಗೆ ಬಂದರೆ ಹಿಮ್ಮುಖವಾಗಿ ಹೊಸ್ತಿಲು ದಾಟಬೇಕು, ಆಗ ಬೆನ್ನು ಹತ್ತಿದ್ದು ಒಳಗೆ ಬರುವುದಿಲ್ಲ ಎಂದೂ ಹೇಳಿದರು. ಚೌಡಿ ಬನದ ಮುಂದೆ ಚಪ್ಪಲಿ ಬಿಟ್ಟು ನಡೆದು ಬೆಳೆದ ನನಗೆ ಇದರಲ್ಲಿ ಅಪರಿಚಿತ ಅನ್ನಿಸುವಂಥದ್ದು ಏನೂ ಇರಲಿಲ್ಲ. ಆ ಪಾದ್ರಿಯ ಹೆಸರು ಮೊದಲು ಕೇಳಿದ್ದೂ ಅವರ ಬಾಯಿಂದಲೇ.

ಅವರು ಹೆಸರಿಸಿದ ಪಾದ್ರಿಯ ಕಥೆ 'ಜಂಬೀ', 'ವಿಯರ್ಡ್ ಟೇಲ್ಸ್'ನ 1926ರ ಸೆಪ್ಟೆಂಬರ್ ಸಂಚಿಕೆಯದು. ಮೊದಲ ಮಹಾಯುದ್ಧದಲ್ಲಿ ವಿಷಾನಿಲದಿಂದ ಶ್ವಾಸಕೋಶ ಸುಟ್ಟುಕೊಂಡ ಅಮೆರಿಕದ ಬಿಳಿಯನೊಬ್ಬ ವೈದ್ಯರ ಸಲಹೆಯಂತೆ ಸೇಂಟ್ ಕ್ರಾಯ್‌ಗೆ ಬರುತ್ತಾನೆ. ದೆವ್ವದ ಬಗ್ಗೆ ಅವನಿಗೆ ಕುತೂಹಲ. ಅವನಿಗೆ ಕಥೆ ಹೇಳುವುದು ಡ ಸಿಲ್ವ ಎಂಬ, ಆಫ್ರಿಕನ್ ರಕ್ತವೂ ಬೆರೆತ ಸುಸಂಸ್ಕೃತ ಹಿರಿಯ. ಸ್ನೇಹಿತನ ಸಾವಿನ ರಾತ್ರಿ ಬೆಳದಿಂಗಳ ದಾರಿಯಲ್ಲಿ ತಾನು ಕಂಡದ್ದನ್ನು ಆತ ನಿಧಾನವಾಗಿ ವಿವರಿಸುತ್ತಾನೆ: ನೆಲ ಮುಟ್ಟದೆ ಗಾಳಿಯಲ್ಲಿ ತೂಗುತ್ತಿದ್ದ ಮೂವರು, ಅವರಿಗೆ ಪಾದಗಳೇ ಇಲ್ಲ. ನಮ್ಮ ದೆವ್ವಗಳ ಪಾದ ಹಿಂದುಮುಂದು, ಅಲ್ಲಿಯವಕ್ಕೆ ಪಾದವೇ ಇಲ್ಲ! ಈ ಕಥೆಯಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ್ದು ಕೂರಿಸಿದ ರೀತಿ. ಬಲ್ಲವನು ದ್ವೀಪದವನು, ಕಲಿಯಲು ಕೂತವನು ಹೊರಗಿನವನು. ಹೆದರಿಸಬೇಕೆಂಬ ಅವಸರ ಇಲ್ಲ. ಸಾವಿನ ಮನೆಗೆ ಹೋಗಿ ಕೂತು, ಮಾತು ಕೇಳಿಸಿಕೊಂಡು ಅಭ್ಯಾಸವಿದ್ದವರು ಬರೆಯುವ ಹಾಗೆ ಇದೆ.

ಅದೇ ಕಣ್ಣಿಗೆ ಮಿತಿಯೂ ಇತ್ತು, ಅದನ್ನು ಹೇಳದೆ ಹೋಗಲಾರೆ. ಅವರ ಹೆಚ್ಚಿನ ಕಥೆಗಳ ನಿರೂಪಕ ಜೆರಾಲ್ಡ್ ಕ್ಯಾನೆವಿನ್, ಬಂಗಲೆಯ ಜಗಲಿಯಲ್ಲಿ ಕೂತ ಬಿಳಿ ಸಾಹೇಬ. ಕಪ್ಪು ಜನ ಅಲ್ಲಿ ಎಷ್ಟೋ ಸಲ ಆಳುಗಳಾಗಿ ಬಂದು ಹೋಗುತ್ತಾರೆ, ಅವರ ಬಗ್ಗೆ ಬಳಸಿದ ಕೆಲವು ಮಾತುಗಳು ಇಂದು ಓದುವಾಗ ಚುಚ್ಚುತ್ತವೆ. ಕಥೆ ಅವರದ್ದು, ಪತ್ರಿಕೆಯ ಸಂಭಾವನೆ ಮಾತ್ರ ಜಗಲಿಯವರಿಗೆ. ಪರದೇಶದಲ್ಲಿ ಕೂತು ಇಲ್ಲಿಯವರ ಬಗ್ಗೆ ಊರಿಗೆ ಬರೆಯುವ ನಮ್ಮಂಥವರು ಈ ಮಾತನ್ನು ನೆನಪಿಟ್ಟುಕೊಂಡರೆ ಒಳ್ಳೆಯದು ಎಂದು ನನಗೆ ಅನಿಸುತ್ತದೆ.

1931ರ ಬೇಸಿಗೆಯಲ್ಲಿ ಡನೀಡನ್ನಿಗೆ ಒಬ್ಬ ಅತಿಥಿ ಬಂದ: ಹೆಚ್.ಪಿ. ಲವ್‌ಕ್ರಾಫ್ಟ್. ಇಂದು ಜಗತ್ತಿಗೆಲ್ಲ ಗೊತ್ತಿರುವ ಭಯಾನಕ ಕಥೆಗಾರ, ಆಗ ಕೈಯಲ್ಲಿ ಕಾಸಿಲ್ಲದವನು. ಕಟ್ಟಾ ನಿರೀಶ್ವರವಾದಿ. ಪಾದ್ರಿ ಅವನನ್ನು ಮನೆಯಲ್ಲಿ ವಾರಗಟ್ಟಲೆ ಇರಿಸಿಕೊಂಡು ಉಪಚರಿಸಿದರು. ಊರಿನ ಹುಡುಗರನ್ನು ಸೇರಿಸಿ ಅವನಿಂದ ಬೆಕ್ಕುಗಳ ಕಥೆಯೊಂದನ್ನು ಹೇಳಿಸಿದರು. ಒಬ್ಬರಿಗೆ ದೇವರಿದ್ದಾನೆ, ಇನ್ನೊಬ್ಬರಿಗೆ ಇಲ್ಲ. ಆದರೂ ಇಬ್ಬರೂ ಸೇರಿ ಒಂದು ಕಥೆ ಹೆಣೆದರು. ಸೇಂಟ್ ಕ್ರಾಯ್‌ನಿಂದ ತಂದ ಹಳೆಯ ಕನ್ನಡಿಯೊಳಗೆ ಶಾಲೆಯ ಹುಡುಗನೊಬ್ಬ ಸಿಕ್ಕಿಬೀಳುವ ಆ ಕಥೆ ಮರುವರ್ಷ ಪಾದ್ರಿಯ ಹೆಸರಿನಲ್ಲೇ ಅಚ್ಚಾಯಿತು. ಆ ವರ್ಷ ಮುಗಿಯುವ ಮೊದಲೇ ಪಾದ್ರಿ ಹೋದರು. 'ವಿಯರ್ಡ್ ಟೇಲ್ಸ್'ನಲ್ಲಿ ಅವರಿಗೆ ಶ್ರದ್ಧಾಂಜಲಿ ಬರೆದವನು ಲವ್‌ಕ್ರಾಫ್ಟ್. ಕಥೆಗಳು ಪುಸ್ತಕವಾಗಿ ಬಂದದ್ದು 1944ರಲ್ಲಿ, ಆರ್ಕಮ್ ಹೌಸ್ ಪ್ರಕಾಶನದಿಂದ.

'ಜಂಬೀ' ಕಥೆಯ ಹಕ್ಕುಸ್ವಾಮ್ಯ ಅಮೆರಿಕದಲ್ಲಿ ಮುಗಿದಿದೆ. ಮಲೆನಾಡಿನವರೋ ಕರಾವಳಿಯವರೋ ಯಾರಾದರೂ ಅದನ್ನು ಕನ್ನಡಕ್ಕೆ ತಂದರೆ ಚೆನ್ನ. ಡ ಸಿಲ್ವನ ನಿಧಾನದ ಮಾತು ನಮ್ಮ ಕಟ್ಟೆಯ ಮೇಲೆ ಕೂತು ಹೇಳುವ ಹಿರಿಯರ ಬಾಯಲ್ಲಿ ಸಲೀಸಾಗಿ ಕೂರುತ್ತದೆ. ಮೊದಲ ಎರಡು ಪುಟ ನಾನು ಶುರು ಮಾಡಿದ್ದೇನೆ. ಜೊತೆಗೆ ಕೈ ಹಾಕುವವರಿದ್ದರೆ ತಿಳಿಸಿ.