ಎರಡನೇ ಸಲದ ಗ್ಲೂಕೋಸ್ ನೀರು

ಮೊನ್ನೆ ತಂಗಿ ಫೋನ್ ಮಾಡಿದ್ದಳು. ಅವಳೀಗ ಆರು ತಿಂಗಳ ಬಸುರಿ. "ಅಕ್ಕಾ, ಆ ಗ್ಲೂಕೋಸ್ ಟೆಸ್ಟ್ ಮತ್ತೆ ಮಾಡ್ಸಬೇಕಂತೆ. ಮೂರನೇ ತಿಂಗಳಲ್ಲೇ ಮಾಡ್ಸಿ ನಾರ್ಮಲ್ ಬಂದಿತ್ತಲ್ಲ, ಹೋಗ್ಲೇಬೇಕಾ?" ಅಂದಳು. ಹೋಗಲೇಬೇಕು ಅಂದೆ. ಬಸುರಿಯಲ್ಲಿ ಶುಗರ್ ಬಂದಿದೆಯಾ ಅಂತ ನೋಡೋ ಟೆಸ್ಟ್ ಅದು. ಯಾಕೆ ಅನ್ನೋದನ್ನ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆ. ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ.

ನಾಲ್ಕು ವರ್ಷದ ಹಿಂದೆ ನಾನೂ ಇದೇ ಮಾತು ಆಡಿದ್ದೆ. ಹತ್ತನೇ ವಾರದಲ್ಲಿ 104 ಬಂದಿತ್ತು, ಅಂದರೆ ನಾರ್ಮಲ್. ನಾನು ಸಣ್ಣಗೇ ಇದ್ದೆ, ತವರಲ್ಲಿ ಯಾರಿಗೂ ಶುಗರ್ ಇಲ್ಲ. ಅತ್ತೆಯಂತೂ "ಬಸುರಿಗೆ ಅಷ್ಟು ಸಿಹಿ ನೀರು ಕುಡಿಸ್ತಾರಾ? ಅದ್ರಿಂದಾನೇ ಶುಗರ್ ಬರುತ್ತೆ" ಅಂತ ಹೆದರಿದ್ದರು. ಮಳೆ ಬೇರೆ. ಮಂಡಗದ್ದೆಯಿಂದ ಬಸ್ ಹಿಡಿದು ಶಿವಮೊಗ್ಗಕ್ಕೆ ಹೋಗಿ ಕಾದು ಬರೋದು ಅಂದರೆ ಒಂದಿಡೀ ದಿನದ ಕೆಲಸ. ಆಶಾ ಅಕ್ಕ (ಊರಿನ ಆರೋಗ್ಯ ಕಾರ್ಯಕರ್ತೆ) ಮನೆಗೆ ಬಂದರು. ಬಸುರಿಯ ತಪಾಸಣೆ ಬರೆಯೋ ತಾಯಿ ಕಾರ್ಡ್ ಬಿಚ್ಚಿ, ಖಾಲಿ ಇದ್ದ ಜಾಗದ ಮೇಲೆ ಬೆರಳಿಟ್ಟು, "ಇದು ತುಂಬೋ ತನಕ ನಾನು ಬಿಡಲ್ಲ" ಅಂದರು. ಹೋದೆ.

ಬರಿಹೊಟ್ಟೆಯಲ್ಲಿ ಹೋಗಬೇಕು ಅಂತಿರಲಿಲ್ಲ. ನಮ್ಮಂಥ ಹಳ್ಳಿಯವರಿಗೆ ಇದು ದೊಡ್ಡ ಅನುಕೂಲ. ರೊಟ್ಟಿ ತಿಂದೇ ಬಸ್ ಹತ್ತಿದ್ದೆ. (ಕೆಲವು ಕಡೆ ಬರಿಹೊಟ್ಟೆಯಲ್ಲಿ ಬರಹೇಳಿ ಮೂರು ಸಲ ರಕ್ತ ತೆಗೀತಾರೆ. ಮೊದಲೇ ಕೇಳಿಕೊಳ್ಳಿ.) ಸಿಸ್ಟರ್ 75 ಗ್ರಾಂ ಗ್ಲೂಕೋಸ್ ಪುಡಿಯನ್ನು 300 ಮಿಲಿ ನೀರಿಗೆ ಸುರಿದು ಕಲಕಿದರು. ನೀರು ಮೊದಲು ಹಾಲಿನ ಹಾಗೆ ಮಬ್ಬಾಗಿ, ಆಮೇಲೆ ತಿಳಿಯಾಯಿತು. ಐದು-ಹತ್ತು ನಿಮಿಷದಲ್ಲಿ ಮುಗಿಸಬೇಕು. ಅರ್ಧ ಲೋಟದ ಹೊತ್ತಿಗೆ ಗಂಟಲಲ್ಲಿ ಅಂಟು ಅಂಟು, ಬೆರಳೂ ಲೋಟಕ್ಕೆ ಅಂಟಿಕೊಳ್ಳುತ್ತಿತ್ತು. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ದಿನ ಬರಬೇಕು ಅಂದಿದ್ದರು. ಗಡಿಯಾರ ನೋಡುತ್ತಾ ಮೂಗಲ್ಲಿ ಉಸಿರೆಳೆದುಕೊಂಡು ಕೂತೆ. ಎರಡು ಗಂಟೆ ಆದ ಮೇಲೆ ಒಂದೇ ಸಲ ರಕ್ತ ತೆಗೆದರು.

158 ಬಂತು. 140 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಬಸುರಿ ಶುಗರ್ ಅಂತ ಲೆಕ್ಕ.

ನನಗೆ ಸುಸ್ತಿಲ್ಲ, ಬಾಯಾರಿಕೆ ಇಲ್ಲ, ಏನೂ ಇಲ್ಲ. ಆದರೂ ಅಲ್ಲೇ ಅತ್ತುಬಿಟ್ಟೆ. ಡಾಕ್ಟ್ರಮ್ಮ ಕೂರಿಸಿ ಹೇಳಿದರು: ಮಾಸು ಬೆಳೆದ ಹಾಗೆ ಅದರಿಂದ ಬರುವ ಹಾರ್ಮೋನುಗಳು ರಕ್ತದ ಸಕ್ಕರೆ ಇಳಿಸೋ ನಮ್ಮ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಅದು ಜೋರಾಗೋದೇ ಆರನೇ ತಿಂಗಳ ಸುಮಾರಿಗೆ. ಅದಕ್ಕೇ 24ರಿಂದ 28ನೇ ವಾರದೊಳಗೆ ಮತ್ತೆ ನೋಡೋದು. ಮೂರನೇ ತಿಂಗಳ ನಾರ್ಮಲ್ ಅಂದರೆ ಮೂರನೇ ತಿಂಗಳಿಗಷ್ಟೇ ನಾರ್ಮಲ್. ನಮ್ಮ ರಕ್ತದ ಸಕ್ಕರೆ ಮಗುವಿಗೂ ಹೋಗುತ್ತದೆ. ಮಗು ಜಾಸ್ತಿ ದಪ್ಪ ಬೆಳೆದು ಹೆರಿಗೆ ಕಷ್ಟವಾಗಬಹುದು, ಹುಟ್ಟಿದ ಕೂಡಲೇ ಅದರ ಶುಗರ್ ಇಳಿದುಬಿಡಬಹುದು. ಲೋಟದ ನೀರಿನಿಂದ ಕಾಯಿಲೆ ಬರಲ್ಲ, ಒಳಗಿರೋದು ಗೊತ್ತಾಗುತ್ತೆ ಅಷ್ಟೇ ಅಂತ ಅತ್ತೆಗೂ ಬಿಡಿಸಿ ಹೇಳಿದರು.

ಮನೆಗೆ ಬಂದ ಮೇಲೆ ಬದಲಾದವರು ಅತ್ತೆಯೇ. ಬೆಳಿಗ್ಗೆ ನಾಲ್ಕು ಕಡುಬು ಹಾಕುತ್ತಿದ್ದವರು ಎರಡಕ್ಕೆ ಇಳಿಸಿ, ಪಕ್ಕದಲ್ಲಿ ಹೆಸರುಕಾಳಿನ ಪಲ್ಯ ತುಂಬಿಸಿದರು. ಕಾಫಿಗೆ ಬೆಲ್ಲ ನಿಂತಿತು. ಹಲಸಿನ ಹಣ್ಣು ಬಿಡಿಸುವಾಗ ನನಗೆ ವಾಸನೆ ಬರದ ಹಾಗೆ ಹಿತ್ತಿಲಿಗೆ ಹೋಗಿ ಬಿಡಿಸುತ್ತಿದ್ದರು. ಅದನ್ನು ನಾನು ಮರೆಯಲ್ಲ. ಊಟವಾದ ಮೇಲೆ ಅಂಗಳದಲ್ಲಿ ಇಬ್ಬರೂ ನಡೆಯುತ್ತಿದ್ದೆವು. ಎರಡು ವಾರ ಬಿಟ್ಟು ಊಟದ ಎರಡು ಗಂಟೆಯ ನಂತರ ನೋಡಿದರೆ 114. 120ರ ಒಳಗಿದ್ದರೆ ಸಾಕು ಅಂದಿದ್ದರು. ನನಗೆ ಇನ್ಸುಲಿನ್ ಬೇಕಾಗಲಿಲ್ಲ. ಬೇಕಾದವರು ಹೆದರಬೇಡಿ, ಅದು ಮಾಸು ದಾಟಿ ಮಗುವಿಗೆ ಹೋಗಲ್ಲ.

ಹೆರಿಗೆಯಾಗಿ ಆರು ವಾರಕ್ಕೆ ಮತ್ತೊಮ್ಮೆ ಗ್ಲೂಕೋಸ್ ನೀರಿನ ಟೆಸ್ಟ್ ಇರುತ್ತದೆ. ಬಾಣಂತನದ ಗಡಿಬಿಡಿಯಲ್ಲಿ ನನಗದು ತಪ್ಪಿಹೋಗಿ, ಮಗುವಿಗೆ ಐದು ತಿಂಗಳಾದಾಗ ಮಾಡಿಸಿದೆ. ಸರಿ ಬಂತು. ಆದರೂ ಒಂದು ಸಲ ಹೀಗೆ ಬಂದವರಿಗೆ ಮುಂದೆ ಶುಗರ್ ಬರೋ ಸಾಧ್ಯತೆ ಜಾಸ್ತಿ. ಹಾಗಾಗಿ ವರ್ಷಕ್ಕೊಮ್ಮೆ ನೋಡಿಸುತ್ತಿದ್ದೇನೆ.

ತಂಗಿ ಮಂಗಳವಾರ ಹೋಗುತ್ತಾಳೆ. ಒಬ್ಬಳೇ ಎರಡು ಗಂಟೆ ಕೂರೋದು ಬೇಡ ಅಂತ ನಾನೂ ಬೆಳಗಿನ ಬಸ್ಸಿಗೆ ಹೊರಟಿದ್ದೇನೆ. ಅತ್ತೆ ನಾನೂ ಬರ್ತೀನಿ ಅನ್ನುತ್ತಿದ್ದಾರೆ.