ವೆಡ್ಜ್ ಎಲ್ಲಿರಬೇಕು ಅಂತ ಹಾಡುವವರಿಗೆ ಗೊತ್ತಿತ್ತು

ರಾತ್ರಿ ಹತ್ತಕ್ಕೆ ಸೌಂಡ್ ನಿಲ್ಲಬೇಕು. ಬೆಂಗಳೂರಿನಲ್ಲಿ ಲೈವ್ ಸೌಂಡ್ ಮಾಡುವ ನಮ್ಮೆಲ್ಲರ ಸಂಜೆಯೂ ಆ ಹತ್ತು ಗಂಟೆಯಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡೇ ನಡೆಯುತ್ತದೆ. ಅದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ. ಅದರ ಬಗ್ಗೆ ನನಗೆ ತಕರಾರಿಲ್ಲ. ಅಕ್ಕಪಕ್ಕದ ಮನೆಯವರೂ ಮಲಗಬೇಕು, ಅಲ್ವಾ? ನನ್ನ ತಕರಾರು ಆಯೋಜಕರ ಮೇಲೆ. ಹತ್ತಕ್ಕೆ ಮುಗಿಸಬೇಕು ಅಂತ ಗೊತ್ತಿದ್ದೂ ಐದು ಬ್ಯಾಂಡ್ ತುಂಬಿಸುತ್ತಾರೆ. ಆಮೇಲೆ ಸಮಯ ಸಾಲುವುದಿಲ್ಲ ಅಂತ ಸೌಂಡ್‌ಚೆಕ್ಕನ್ನೇ ಎತ್ತಿಬಿಡುತ್ತಾರೆ.

ಅವತ್ತೂ ಹಾಗೇ ಆಗಿತ್ತು. ನಾಲ್ಕನೆಯದಾಗಿ ಸ್ಟೇಜ್ ಹತ್ತಿದ್ದು ಒಂದು ಪವರ್ ಮೆಟಲ್ ಬ್ಯಾಂಡ್, ಅಂದರೆ ವೇಗದ, ಮೆಲೊಡಿ ತುಂಬಿದ ಹೆವಿ ಮೆಟಲ್. ಲೇಬಲ್ ಇಲ್ಲ, ಮ್ಯಾನೇಜರ್ ಇಲ್ಲ. ಎಲ್ಲರೂ ಹಗಲು ಆಫೀಸಿಗೆ ಹೋಗುವವರು. ಜಾಮ್‌ರೂಮ್ ಬಾಡಿಗೆ, ರೆಕಾರ್ಡಿಂಗ್ ಖರ್ಚು ಎಲ್ಲ ಸಂಬಳದಿಂದಲೇ. ಎರಡು ಗಿಟಾರ್, ಬಾಸ್, ಡ್ರಮ್ಸ್, ಮುಂದೆ ಹಾಡಲು ಒಬ್ಬ ಹುಡುಗಿ. ಕೀಬೋರ್ಡ್ ಮತ್ತು ಹಿಮ್ಮೇಳದ ಗುಂಪು ದನಿ ಲ್ಯಾಪ್‌ಟಾಪ್‌ನಿಂದ ಬರುತ್ತಿತ್ತು. ತಾಳದ ಕ್ಲಿಕ್ ಕೇಳಲು ಡ್ರಮ್ಮರ್‌ಗೆ ಮಾತ್ರ ಕಿವಿಯೊಳಗಿನ ಇನ್-ಇಯರ್, ಉಳಿದವರಿಗೆಲ್ಲ ವೆಡ್ಜ್, ಅಂದರೆ ತಮ್ಮ ದನಿ ತಾವು ಕೇಳಿಕೊಳ್ಳಲು ಸ್ಟೇಜ್ ನೆಲದ ಮೇಲಿಡುವ ಮಾನಿಟರ್ ಸ್ಪೀಕರ್. ಮಾನಿಟರ್ ಕನ್ಸೋಲ್ ಬೇರೆ ಕೊಟ್ಟಿರಲಿಲ್ಲ. ಹಾಗಾಗಿ ಮಾನಿಟರ್ ಮಿಕ್ಸೂ ಎಫ್‌ಓಎಚ್‌ನಿಂದ, ಅಂದರೆ ಜನರ ಕಡೆ ಇರುವ ಮುಖ್ಯ ಕನ್ಸೋಲ್‌ನಿಂದ, ನಾನೇ ಮಾಡಬೇಕಿತ್ತು. ಸ್ಟೇಜ್ ಮೇಲೆ ನಿಂತವರ ಕಿವಿಗೆ ಏನು ಬೀಳುತ್ತಿದೆ ಅಂತ ಅಲ್ಲಿಂದ ತಿಳಿಯುವುದಿಲ್ಲ.

ಬ್ಯಾಂಡಿನವರು ವಾರದ ಮುಂಚೆಯೇ ರೈಡರ್ (ತಮಗೆ ಏನೇನು ಬೇಕು ಅನ್ನೋ ಪಟ್ಟಿ) ಮತ್ತು ಸ್ಟೇಜ್ ಪ್ಲಾಟ್ (ಸ್ಟೇಜ್ ಮೇಲೆ ಯಾವುದು ಎಲ್ಲಿ ಅನ್ನೋ ನಕ್ಷೆ) ಕಳಿಸಿದ್ದರಂತೆ. ಅದು ಈವೆಂಟ್ ಮ್ಯಾನೇಜರ್‌ನ ವಾಟ್ಸ್ಯಾಪ್‌ನಲ್ಲೇ ಉಳಿದಿತ್ತು. ನನಗೆ ಬಂದಿದ್ದು ಎಲ್ಲ ಬ್ಯಾಂಡಿಗೂ ಒಂದೇ ಅಂತ ಮಾಡಿದ ಪ್ಯಾಚ್ ಲಿಸ್ಟ್, ಯಾವ ಚಾನೆಲ್‌ಗೆ ಯಾವ ಮೈಕ್ ಅನ್ನೋ ಪಟ್ಟಿ. ವೋಕಲ್ ಎದುರಿಗೆ ಬರೆದಿದ್ದು "58", ಅಷ್ಟೇ.

ಒಂದೊಂದೇ ಮೈಕ್ ಸದ್ದು ಬರುತ್ತಿದೆಯಾ ಅಂತ ನೋಡುವ ಲೈನ್ ಚೆಕ್‌ನಲ್ಲಿ ಡ್ರಮ್ಸ್‌ನ ಕಿಕ್, ಸ್ನೇರ್, ಟಾಮ್ಸ್ ಅಂತ ಹೋಗುವಷ್ಟರಲ್ಲಿ ಬ್ಯಾಂಡ್ ಬದಲಾಗುವ ಚೇಂಜೋವರ್ ಟೈಮ್ ಮುಗಿದೇ ಹೋಯಿತು. ವೋಕಲ್‌ಗೆ ಸಿಕ್ಕಿದ್ದು "ಒನ್ ಟೂ ಚೆಕ್". ಹಾಡುವವರು ತಮ್ಮದೇ ಮೈಕ್ ತಂದಿದ್ದರು. ಸ್ಟ್ಯಾಂಡ್‌ನಲ್ಲಿದ್ದ ನಮ್ಮ ಎಸ್‌ಎಂ 58 ತೆಗೆದು ಅದನ್ನು ಹಾಕಿಕೊಂಡರು. ಗ್ರಿಲ್ ಸುತ್ತ ನೀಲಿ ಪಟ್ಟಿ ಇರುವ ಮೈಕ್, ಬೀಟಾ 58. ಪಟ್ಟಿ ನನ್ನ ಕಣ್ಣಿಗೆ ಬಿದ್ದಿತ್ತು. ಹಾಗಾದರೆ ವೆಡ್ಜ್ ಸರಿಸಬೇಕಲ್ಲ ಅನ್ನೋದು ಮಾತ್ರ ಹೊಳೆಯಲಿಲ್ಲ.

ಮೊದಲ ಹಾಡೇ 180 ಬಿಪಿಎಂ, ಅಂದರೆ ನಿಮಿಷಕ್ಕೆ 180 ಬೀಟ್. ಡಬಲ್ ಕಿಕ್‌ನಲ್ಲಿ ಸಿಕ್ಸ್‌ಟೀನ್ತ್ಸ್ (ಬೀಟ್‌ಗೆ ನಾಲ್ಕು) ಬಾರಿಸಿದರೆ ಸೆಕೆಂಡಿಗೆ 12 ಹೊಡೆತ. ಗಿಟಾರಿನ ಸ್ಪೀಕರ್ ಕ್ಯಾಬ್‌ಗಳೆರಡೂ ನೇರ ಹಾಡುವವರ ಬೆನ್ನಿಗೆ. ಎರಡನೇ ಸಾಲಿಗೇ ಅವರು ಹೆಬ್ಬೆರಳು ಮೇಲೆ ಮಾಡಿ ವೋಕಲ್ ಜಾಸ್ತಿ ಬೇಕು ಅಂದರು. ವೆಡ್ಜ್‌ಗೆ ದನಿ ಕಳಿಸುವ ಆಕ್ಸ್ ಏರಿಸಿದೆ. ವೆಡ್ಜ್‌ನ ಸದ್ದು ಮತ್ತೆ ಮೈಕ್‌ಗೆ ನುಗ್ಗಿ, 2.5 ಕಿಲೋಹರ್ಟ್ಸ್‌ನಲ್ಲಿ ವೆಡ್ಜ್ ಕೂಗಿತು. ಗ್ರಾಫಿಕ್ ಈಕ್ವಲೈಸರ್‌ನಲ್ಲಿ 2.5 ಇಳಿಸಿದೆ. ಮತ್ತೆ ಹೆಬ್ಬೆರಳು. ಮತ್ತೆ ಏರಿಸಿದೆ, 3.15 ಕೂಗಿತು, ಅದನ್ನೂ ಇಳಿಸಿದೆ. ಆಮೇಲೆ 4 ಕಿಲೋ. ಕೂಗು ನಿಂತಿತು. ಸದ್ಯ ಮಾನಿಟರ್ ಹಿಡಿತಕ್ಕೆ ಬಂತು ಅಂದುಕೊಂಡೆ.

ಅಲ್ಲಿ ಆಗಿದ್ದೇ ಬೇರೆ. ಅವರು ಏರಿ ಹಾಡುವಾಗ ಮೂಲ ಸ್ವರ 500ರಿಂದ 900 ಹರ್ಟ್ಸ್ ನಡುವೆ ಇರುತ್ತದೆ. ಆದರೆ ಎರಡು ಡಿಸ್ಟಾರ್ಶನ್ ಗಿಟಾರ್ ಮತ್ತು ಸಿಂಬಲ್‌ಗಳ ನಡುವೆ ತನ್ನ ದನಿ ತನಗೆ ಕೇಳಬೇಕಾದರೆ 2ರಿಂದ 4 ಕಿಲೋದ ಹಾರ್ಮೋನಿಕ್ಸ್ ಬೇಕೇ ಬೇಕು. ನಾನು ಕಿತ್ತುಹಾಕಿದ್ದು ಸರಿಯಾಗಿ ಅದನ್ನೇ. ವೆಡ್ಜ್‌ನಲ್ಲಿ ಲೆವೆಲ್ ಇತ್ತು, ದನಿಯ ಅಂಚು ಇರಲಿಲ್ಲ. ಅವರು ಗಂಟಲು ಒತ್ತಿ ಹಾಡಲು ಶುರು ಮಾಡಿದರು. ಎರಡನೇ ಹಾಡಿನ ಕೋರಸ್‌ನಲ್ಲಿ ಒಂದು ಕಿವಿಗೆ ಬೆರಳಿಟ್ಟುಕೊಂಡರು. ಮೇಲಿನ ಸ್ವರ ಹಿಡಿದಾಗ ಶ್ರುತಿ ಜಾರಿತು, ಕೊನೆಗೆ ದನಿ ಒಡೆಯಿತು.

ಆಗ ನಾನು ಪಕ್ಕದಲ್ಲಿದ್ದ ಲೈಟ್ಸ್ ಹುಡುಗನಿಗೆ ಹೇಳಿದ ಮಾತು ಇವತ್ತಿಗೂ ಚುಚ್ಚುತ್ತದೆ. "ಈ ಮ್ಯೂಸಿಕ್‌ಗೆ ಇವರ ದನಿ ಸಾಲಲ್ಲ ಕಣೋ." ಹಾಡುವವರ ದನಿಯನ್ನು ನನ್ನ ಕೈಯಾರೆ ಅದುಮಿಟ್ಟು, ದನಿ ಸಾಲದು ಅಂತ ತೀರ್ಪು ಕೊಟ್ಟೆ. ಹಾಡುತ್ತಿದ್ದುದು ಗಂಡಸಾಗಿದ್ದರೆ ಮೊದಲು ವೆಡ್ಜ್ ಮೇಲೆ ಅನುಮಾನ ಪಡುತ್ತಿದ್ದೆ. ಅದು ನನಗೆ ಚೆನ್ನಾಗಿ ಗೊತ್ತು.

ಎರಡನೇ ಹಾಡು ಮುಗಿದ ಕೂಡಲೇ ಅವರು ಯಾರನ್ನೂ ಕೇಳಲಿಲ್ಲ. ಮೈಕ್ ಸ್ಟ್ಯಾಂಡ್‌ನ ನೇರಕ್ಕೆ ಮುಂದಿದ್ದ ವೆಡ್ಜನ್ನು ಬೂಟುಗಾಲಿನಿಂದ ತಳ್ಳಿ ಎಡಕ್ಕೆ ಸರಿಸಿದರು. ಬಗ್ಗಿ ಅದರ ಮೂತಿಯನ್ನು ತಮ್ಮ ಕಡೆ ಓರೆಯಾಗಿ ತಿರುಗಿಸಿದರು. ಗಿಟಾರಿಸ್ಟ್‌ಗಳ ಕಡೆ ತಿರುಗಿ ಅಂಗೈ ಕೆಳಗೆ ಒತ್ತಿ ತೋರಿಸಿದರು. ಇಬ್ಬರೂ ಮರುಮಾತಾಡದೆ ಆಂಪ್ ಇಳಿಸಿದರು. ಆಮೇಲೆ ಮೈಕ್‌ನಲ್ಲೇ ಹೇಳಿದರು: "ಅಣ್ಣಾ, ನನ್ನ ಗ್ರಾಫಿಕ್ ಫ್ಲಾಟ್ ಮಾಡಿ. ಈಗ ಕೂಗಲ್ಲ."

ಫ್ಲಾಟ್ ಮಾಡಿದೆ. ಕೂಗಲಿಲ್ಲ. ಆಕ್ಸ್ ಇನ್ನೂ ಏರಿಸಿದೆ, ಆಗಲೂ ಕೂಗಲಿಲ್ಲ.

ಎಸ್‌ಎಂ 58 ಕಾರ್ಡಿಯಾಯ್ಡ್. ಅದು ನೇರ ಹಿಂದಿನ ಶಬ್ದವನ್ನು ಎಲ್ಲಕ್ಕಿಂತ ಕಡಿಮೆ ಹಿಡಿಯುತ್ತದೆ, ವೆಡ್ಜ್ ಎದುರಿಗೇ ಇರಬಹುದು. ಬೀಟಾ 58 ಸೂಪರ್‌ಕಾರ್ಡಿಯಾಯ್ಡ್. ನೇರ ಹಿಂದಿನಿಂದ ಬರುವುದನ್ನು ಸ್ವಲ್ಪ ಹಿಡಿಯುತ್ತದೆ. ಅದು ಕಿವುಡಾಗುವುದು ಹಿಂದಿನ ಎರಡು ಓರೆಗಳಲ್ಲಿ, ಸುಮಾರು 120 ಡಿಗ್ರಿ ಆಸುಪಾಸಿನಲ್ಲಿ. ವೆಡ್ಜ್ ಅಲ್ಲಿರಬೇಕು. ಇದು ಈ ಕೆಲಸದ ಮೊದಲ ಪಾಠಗಳಲ್ಲೊಂದು, ನಾನೂ ಜೂನಿಯರ್ ಹುಡುಗರಿಗೆ ಹೇಳಿಕೊಟ್ಟಿದ್ದೇನೆ. ಅವಸರದಲ್ಲಿ ಕೈ ಮೊದಲು ಹೋಗಿದ್ದು ಮಾತ್ರ ಗ್ರಾಫಿಕ್ ಮೇಲೆ.

ಮೂರನೇ ಹಾಡಿಗೆ ಬಂದ ದನಿ ಬೇರೆಯದೇ. ಗಂಟಲು ಸಡಿಲ, ಮೇಲಿನ ಸ್ವರ ನೆಟ್ಟಗೆ ನಿಂತಿತು. ಪವರ್ ಮೆಟಲ್‌ನಲ್ಲಿ ಹಾಡಿನ ಮೆಲೊಡಿ ಪೂರ್ತಿ ಹಾಡುವವರ ಮೇಲೆ ನಿಂತಿರುತ್ತದೆ. ಡೆತ್ ಮೆಟಲ್‌ನಲ್ಲಿ ವೋಕಲ್ ಗಿಟಾರ್‌ಗಳ ಒಳಗೆ ಸ್ವಲ್ಪ ಮುಳುಗಿದರೂ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ವೋಕಲ್ ಕೆಳಗೆ ಹೋದರೆ ಉಳಿಯುವುದು ಓಡುವ ಡ್ರಮ್ಸ್ ಮಾತ್ರ. ಜನರಿಗೆ ಕೇಳಿಸುವ ಪಿಎ ಸ್ಪೀಕರ್‌ಗಳಲ್ಲೂ ಗಿಟಾರ್‌ಗಳನ್ನು ಎರಡು ಬದಿಗೆ ಹಂಚಿ, ಅವುಗಳ 2ರಿಂದ 3 ಕಿಲೋ ಸ್ವಲ್ಪ ಕಡಿಮೆ ಮಾಡಿದೆ. ಕಿಕ್‌ನ ಗೇಟ್ ಬಿಗಿ ಮಾಡಿ, ಹೊಡೆತದ ನಂತರ ಎಳೆಯುವ ಸದ್ದಿನ ಬಾಲವನ್ನು ಕತ್ತರಿಸಿದೆ. ನಡುವೆ ದನಿಗೆ ಜಾಗ ಸಿಕ್ಕಿತು.

ಕೇಬಲ್ ಸುತ್ತುವಾಗ ಹೋಗಿ ಕ್ಷಮೆ ಕೇಳಿದೆ. "ಪರವಾಗಿಲ್ಲ ಅಣ್ಣಾ, ಎಲ್ಲಾ ಕಡೆ ಹೀಗೇ ಆಗುತ್ತೆ" ಅಂದರು. ಆ ಮಾತೇ ನನಗೆ ಜಾಸ್ತಿ ನೋವು ಕೊಟ್ಟಿತು. ಮೈಕ್ ಸ್ವಂತ ದುಡ್ಡಿನಲ್ಲಿ ಕೊಂಡಿದ್ದರಿಂದ ಅದರ ಡೇಟಾ ಶೀಟ್ ಪೂರ್ತಿ ಓದಿದ್ದರಂತೆ. ಮಾತು ಅನ್‌ಲೀಶ್ ದಿ ಆರ್ಚರ್ಸ್ ಕಡೆ ಹೋಯಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾದ ವಿಕ್ಟೋರಿಯಾ ಊರಲ್ಲಿ 2007ರಲ್ಲಿ ಶುರುವಾದ ಬ್ಯಾಂಡ್, ಹಾಡುವವರು ಬ್ರಿಟ್ನಿ ಸ್ಲೇಯ್ಸ್. 2009 ಮತ್ತು 2011ರ ಮೊದಲ ಎರಡು ಆಲ್ಬಮ್ ತಾವೇ ಬಿಡುಗಡೆ ಮಾಡಿದರು. ನೇಪಾಮ್ ರೆಕಾರ್ಡ್ಸ್ ಲೇಬಲ್‌ನಿಂದ ಆಲ್ಬಮ್ ಬಂದಿದ್ದು 2015ರಲ್ಲಿ, ಕೆನಡಾದ ಸಂಗೀತ ಪ್ರಶಸ್ತಿಯಾದ ಜೂನೋ 2021ರಲ್ಲಿ. "ಹದಿನಾಲ್ಕು ವರ್ಷ ಅಣ್ಣಾ, ನಾವು ಈಗ ತಾನೇ ಶುರು ಮಾಡಿದ್ದೀವಿ" ಅಂದರು.

ಆ ರಾತ್ರಿ ಮನೆಗೆ ಹೋಗಿ ಹೆಡ್‌ಫೋನ್‌ನಲ್ಲಿ ಅನ್‌ಲೀಶ್ ದಿ ಆರ್ಚರ್ಸ್‌ನ ಆಲ್ಬಮ್‌ಗಳನ್ನು ಕೇಳಿದೆ. ಜೊತೆಗೆ ಬ್ಯಾಟಲ್ ಬೀಸ್ಟ್ ಬ್ಯಾಂಡಿನ ನೋರಾ ಲೌಹಿಮೊ, ಎಂಬತ್ತರ ದಶಕದ ವಾರ್ಲಾಕ್ ಬ್ಯಾಂಡಿನ ಡೋರೊ ಪೆಶ್. ಈ ಮೂವರ ದನಿಗೂ ಒಂದಕ್ಕೊಂದು ಸಂಬಂಧವೇ ಇಲ್ಲ. ಒಬ್ಬರದು ತಿಳಿ, ಒಬ್ಬರದು ಗರಗರ, ಒಬ್ಬರದು ಹರಿತ. ಆದರೂ ಪೋಸ್ಟರ್‌ಗಳಲ್ಲಿ ಎಲ್ಲರಿಗೂ "ಫೀಮೇಲ್ ಫ್ರಂಟೆಡ್" ಅಂತ ಒಂದೇ ಚೀಟಿ ಅಂಟಿಸುತ್ತಾರೆ. ನಾವೂ ಕನ್ಸೋಲ್‌ನಲ್ಲಿ ಹಾಗೇ ಮಾಡುತ್ತೇವೆ. ಹೆಂಗಸಿನ ದನಿ ಅಂತ ಒಂದು ಪ್ರೀಸೆಟ್ ಇಟ್ಟುಕೊಂಡು, ಚುಚ್ಚುತ್ತದೆ ಅಂತ ಮೊದಲೇ ಹೈ ಮಿಡ್ ಇಳಿಸಿ ಕೂರುತ್ತೇವೆ. ನಾನು ಆ ಪ್ರೀಸೆಟ್ ಡಿಲೀಟ್ ಮಾಡಿದೆ.

ಈಗ ರೈಡರ್‌ಗಾಗಿ ಈವೆಂಟ್ ಮ್ಯಾನೇಜರ್‌ನ ದಾರಿ ಕಾಯುವುದಿಲ್ಲ. ಬ್ಯಾಂಡಿನವರ ನಂಬರ್ ತೆಗೆದುಕೊಂಡು ನೇರ ಫೋನ್ ಮಾಡುತ್ತೇನೆ. ಯಾವ ಮೈಕ್, ವೆಡ್ಜ್ ಎಲ್ಲಿ ಬೇಕು, ಅತಿ ಎತ್ತರದ ಸ್ವರ ಯಾವ ಹಾಡಿನಲ್ಲಿ ಅಂತ ಕೇಳುತ್ತೇನೆ. ಲೈನ್ ಚೆಕ್ ವೋಕಲ್‌ನಿಂದ ಶುರು. ಆ ಹಾಡಿನ ಆ ಸಾಲನ್ನೇ ಪೂರ್ತಿ ಬ್ಯಾಂಡ್ ಜೊತೆ ಒಮ್ಮೆ ಹಾಡಿಸುತ್ತೇನೆ. ಆಯೋಜಕರು ಗಡಿಯಾರ ತೋರಿಸುತ್ತಾರೆ, ಡ್ರಮ್ಮರ್‌ಗಳು ಗೊಣಗುತ್ತಾರೆ. ಕಿಕ್‌ಗೆ ಉಳಿದ ಎರಡು ನಿಮಿಷ ಸಾಕಾಗುತ್ತದೆ.