2013ರ ಎಸ್‌ಯುವಿ: ನನ್ನ ಲೆಕ್ಕಾಚಾರ
ದಾವಣಗೆರೆಯಲ್ಲಿ ಕಳೆದ ವಾರ ನೋಡಿದ 2013ರ ಡೀಸೆಲ್ ಎಸ್‌ಯುವಿ ಮನಸ್ಸಿಗೆ ಹಿಡಿಸಿದೆಯಾದರೂ, ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುವುದರಿಂದ 2028ರಲ್ಲಿ ಅದನ್ನು ಪರೀಕ್ಷೆಗೆ ಒಡ್ಡಿ ನವೀಕರಿಸಬೇಕಾಗುತ್ತದೆ ಎಂಬುದನ್ನು ಬೆಲೆ ಮಾತನಾಡುವಾಗಲೇ ಲೆಕ್ಕಕ್ಕೆ ಹಿಡಿದೆ.

ಮಾರುವವರು ಎಂಜಿನ್ನನ್ನು ಮೊದಲೇ ಬಿಸಿ ಮಾಡಿ ಇಟ್ಟಿದ್ದರು. ಬಾನೆಟ್ ಮುಟ್ಟಿದಾಗಲೇ ತಿಳಿಯಿತು. ತಣ್ಣಗಿರುವಾಗ ಸ್ಟಾರ್ಟ್ ಮಾಡಿ ನೋಡದೆ ಹಳೆಯ ಡೀಸೆಲ್ ಗಾಡಿಯನ್ನು ನಂಬಲಾಗದು, ಆದ್ದರಿಂದ ಮರುದಿನ ಬೆಳಿಗ್ಗೆ ಮತ್ತೆ ಹೋದೆ. ಆಯಿಲ್ ಮುಚ್ಚಳ ತೆಗೆದಾಗ ಹೊಗೆ ಉಗುಳಲಿಲ್ಲ, ಎಂಜಿನ್ ಒಳಗೆ ಹೆಚ್ಚು ಸವೆದಿಲ್ಲ ಎಂಬುದಕ್ಕೆ ಅದು ಒಳ್ಳೆಯ ಸೂಚನೆ, ಆದರೆ ಕ್ಲಚ್ ಪೆಡಲ್ ತೀರಾ ಮೇಲೆ ಬಂದಾಗ ಹಿಡಿಯುತ್ತಿತ್ತು, ಪ್ಲೇಟ್ ಸವೆದಿರಬೇಕು.

ಮೈಲೇಜ್ ಬಗ್ಗೆ ಬಾಯಿಮಾತು ಬೇಡವೆಂದು ಟ್ಯಾಂಕ್ ತುಂಬಿಸಿ, ಹೆದ್ದಾರಿ 48ರಲ್ಲಿ ಚಿತ್ರದುರ್ಗಕ್ಕೆ ಹೋಗಿ ಬಂದು, ಅದೇ ಪಂಪಿನಲ್ಲಿ ಮತ್ತೆ ತುಂಬಿಸಿದಾಗ ಲೀಟರಿಗೆ 12 ಕಿ.ಮೀ. ಸಿಕ್ಕಿತು. ತಿಂಗಳಿಗೆ 600 ಕಿ.ಮೀ. ದಾಟದ ನನ್ನ ತೋಟದ ಓಡಾಟಕ್ಕೆ ಮೈಲೇಜಿಗಿಂತ ದಾರಿಯಲ್ಲಿ ಕೈಕೊಡದ ಎಂಜಿನ್ನೇ ಮುಖ್ಯ. ಕ್ಲಚ್ಚಿನ ಖರ್ಚು ಕಳೆದು ಕೊಟ್ಟರೆ ಕೊಳ್ಳುತ್ತೇನೆ.